ತೊಗರಿಗೆ ಎಣ್ಣಿ ಹೊಡೆದ ಹಂಗಾಮು

ಸಿಂದಗಿ ದಾಟಿ ಬಸ್ಸು ಇಂಡಿ ರಸ್ತೆಗೆ ಬಿದ್ದದ್ದೇ ತಡ, ಕಿಟಕಿಯಿಂದ ಆ ವಾಸನೆ ಬಂತು. ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಬೆನ್ನಿಗೆ ಪಂಪು ಏರಿಸಿಕೊಂಡು ಹೊಡೆಯುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಎಣ್ಣಿ ಹೊಡ್ಯಾಕತ್ತಾರ, ಕಿಡಕಿ ಹಾಕ್ರಿ ಅಕ್ಕಾ, ತಲಿ ಹಿಡೀತೈತಿ" ಅಂದಳು. ಹಾಕಿದೆ. ಹಾಕಿ ಏನು ಬಂತು, ವಾಸನೆ ಅಷ್ಟರಲ್ಲೇ ಒಳಗೆ ಬಂದಾಗಿತ್ತು. ಅಕ್ಕನ ಬಸುರಿ ಮಗಳ ಕುಬಸಕ್ಕೆಂದು ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಹೊರಟವಳು ನಾನು. ಬಾಯಿಯೆಲ್ಲ ಕಹಿಯಾಯಿತು. ಉಳಿದ ದಾರಿಯುದ್ದಕ್ಕೂ ನನಗೆ ಕುಬಸದ ನೆನಪು ಬರಲಿಲ್ಲ, ಸುಜಾತಾಳ ಬೆನ್ನಿನ ನೆನಪು ಬಂತು.

ನಮ್ಮ ಕಡೆ ಎಣ್ಣಿ ಅಂದರೆ ಮೂರು ಥರ. ಒಗ್ಗರಣೆಗೆ ಹಾಕುವುದು ಒಂದು, ತಲೆಗೆ ಹಚ್ಚುವುದು ಒಂದು, ಬೆಳೆಗೆ ಹೊಡೆಯುವುದು ಒಂದು. ಮೂರನೆಯದು ವಿಷ. ಅದನ್ನು ವಿಷ ಅಂತ ಯಾರೂ ಕರೆಯುವುದಿಲ್ಲ, ಅಂಗಡಿಯವನೂ ಕರೆಯುವುದಿಲ್ಲ. "ಎಣ್ಣಿ ಬಡದೈತಿ" ಅಂದರೆ ಹೊಡೆಯುವಾಗ ಮೈಗೆ ತಾಗಿ, ಉಸಿರಿನಲ್ಲಿ ಹೋಗಿ ವಿಷ ಏರಿದೆ ಅಂತ. "ಎಣ್ಣಿ ಕುಡದಾನ" ಅಂದರೆ ಜೀವ ಬೇಡವಾಗಿ ಬಾಯಿಗೆ ಹಾಕಿಕೊಂಡಿದ್ದಾನೆ ಅಂತ. ದಕ್ಷಿಣದ ಕಡೆ ಹುಡುಗರು ಎಣ್ಣೆ ಅಂತ ಹೆಂಡಕ್ಕೆ, ಸೆರೆಗೆ ಅನ್ನುತ್ತಾರಂತೆ. ಒಂದೇ ಶಬ್ದ ಇಷ್ಟು ಕಡೆ ಓಡಾಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ಆ ಒಂದು ಹಂಗಾಮಿನಲ್ಲಿ ನೋಡಿದೆ.

ಆಗ ನಾನು ಆಂಬುಲೆನ್ಸಿನಲ್ಲಿದ್ದೆ. ಹುಟ್ಟಿದ್ದು ಮುದ್ದೇಬಿಹಾಳ, ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ್ದು ಸಿಂದಗಿಯ ಗಾಡಿಗೆ. ಎದೆಯ ಮೇಲಿನ ಬಿಲ್ಲೆಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞೆ ಅಂತ ಬರೆದಿತ್ತು. ಹಾಗಂತ ನನ್ನನ್ನು ಕರೆದವರು ಒಬ್ಬರೂ ಹುಟ್ಟಲಿಲ್ಲ. ಜೀವ ಇರುವ ತನಕ ಡಾಕ್ಟರಬಾಯಿ, ಹೋದ ಮೇಲೆ "ಆ ಗಾಡ್ಯಾನಾಕಿ". ನನ್ನ ಮೂಗಿನ ತುದಿಯಲ್ಲೇ ಸಿಟ್ಟು, ಅದು ಹುಟ್ಟುಗುಣ. ಗಾಡಿ ಬಂದು ನಿಂತ ಮೇಲೆ "ಸ್ವಲ್ಪ ತಡೀರಿ, ಸೋದರಮಾವ ಬರಾಕತ್ತಾನ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಾಯಿ ಬಿಟ್ಟು ಬೈಯುತ್ತಲೂ ಇದ್ದೆ.

ಗಾಡಿ ಓಡಿಸುವವನು ಹುಸೇನಸಾಬ, ನಿಡಗುಂದಿಯವನು, ನನ್ನ ಅಪ್ಪನ ವಯಸ್ಸಿನವನು. ಕಾಕಾ ಅನ್ನುತ್ತಿದ್ದೆ. ನಮ್ಮ ಇಲಾಖೆಯಲ್ಲಿ ಡ್ರೈವರನಿಗೆ ಪೈಲಟ್ ಅನ್ನಬೇಕು. ಕೆಲಸಕ್ಕೆ ಸೇರಿದ ದಿನ ಅವನು ಹೆಂಡತಿಗೆ ನಾನು ಪೈಲಟ್ ಆದೆ ಅಂದನಂತೆ. ಆಕೆ ಅಂಗಳಕ್ಕೆ ಬಂದು ಗಾಡಿ ನೋಡಿ, "ಇಮಾನ ಎಲ್ಲೈತಿ?" ಅಂದಳಂತೆ. ಅವನು ಸ್ಟ್ರೆಚರ್ ಹೊರಲು ಕೈ ಕೊಡುತ್ತಿದ್ದ, ಮಂದಿ ಸರಿಸುತ್ತಿದ್ದ, ಎದೆ ಒತ್ತಬೇಕಾದಾಗ ನನಗೆ ಕೈಸೋತರೆ ತಾನು ಒತ್ತುತ್ತಿದ್ದ. ಹಿಂದಿನ ಬಾಗಿಲು ಮುಚ್ಚಿದ ಮೇಲೆ ರಸ್ತೆ ಅವನದು, ರೋಗಿ ನನ್ನದು.

ಒಳಗೆ ಏನಿರುತ್ತದೆ ಅಂತ ಜನಕ್ಕೆ ಗೊತ್ತಿರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ದೀಪ ತಿರುಗುವ ಟೆಂಪೊ. ಆಕ್ಸಿಜನ್ ಸಿಲಿಂಡರು, ಗಂಟಲಿಗೆ ಸಿಕ್ಕ ನೊರೆ ಎಳೆದು ತೆಗೆಯುವ ಸಕ್ಷನ್ ಯಂತ್ರ, ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲ, ಬೆರಳಿಗೆ ಹಚ್ಚಿ ರಕ್ತದಲ್ಲಿನ ಆಕ್ಸಿಜನ್ ನೋಡುವ ಚಿಮುಟಿಗೆ, ಸಲೈನು, ಸೂಜಿಮದ್ದಿನ ಪೆಟ್ಟಿಗೆ. ಮತ್ತೆ ಒಂದು ದೊಡ್ಡ ಮೊಂಡು ಕತ್ತರಿ, ಮೈಗೆ ತಾಗದಂತೆ ಬಟ್ಟೆ ಕತ್ತರಿಸಲು. ಇದೆಲ್ಲ ನನ್ನ ಕೈಕಾಲು ಇದ್ದಂತೆ. ಆದರೆ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಚ್ಚಿದ ಕೂಡಲೇ ಮನೆಯವರು ಬಾಯಿ ಬಡಿದುಕೊಂಡು ಅಳಲು ಸುರುಮಾಡುತ್ತಿದ್ದರು. ಅದನ್ನು ಹಚ್ಚಿದರೆ ಮುಗಿಯಿತು ಅಂತ ಅವರ ನಂಬಿಕೆ. ಎಷ್ಟೋ ಸಲ ರೋಗಿಯ ಅವ್ವನೇ ಅದನ್ನು ಕಿತ್ತು ಒಗೆದದ್ದುಂಟು.

ನಮಗೆ ಕರೆ ಕಳಿಸುವ ಕೇಂದ್ರ ಇದ್ದದ್ದು ದೂರದ ಊರಿನಲ್ಲಿ. ಅಲ್ಲಿ ಫೋನ್ ಎತ್ತುವ ಹುಡುಗ ಹುಡುಗಿಯರು ಬೇರೆ ಸೀಮೆಯವರು. ಪಾಪ, ಅವರೂ ದಿನಕ್ಕೆ ಸಾವಿರ ಅಳು ಕೇಳುವವರು. ಹಂಗಾಮಿನ ಸುರುವಿಗೆ ಹಲಸಂಗಿ ಕಡೆಯ ಒಬ್ಬ ಫೋನ್ ಮಾಡಿ "ನಮ್ಮ ತಮ್ಮಗ ಎಣ್ಣಿ ಏರೈತ್ರಿ, ಲಗೂನ ಗಾಡಿ ಕಳಸ್ರಿ" ಅಂದರೆ, ಆ ಕಡೆಯ ಹುಡುಗಿ "ಏರಿದ್ರೆ ಮಲಗ್ಸಿ ಸಾರ್, ಬೆಳಿಗ್ಗೆ ಇಳಿಯುತ್ತೆ" ಅಂದಿದ್ದಳು. ಆ ತಮ್ಮ ಗಟ್ಟಿ ಪಿಂಡ, ಯಾರದೋ ಟಂಟಂ ಗಾಡಿಯಲ್ಲಿ ಬಂದು ಬದುಕಿಕೊಂಡ. ಹುಸೇನಸಾಬ ಈ ಕತೆಯನ್ನು ಚಹಾದಂಗಡಿಯಲ್ಲಿ ಆ ಹುಡುಗಿಯ ದನಿ ತೆಗೆದು ಹೇಳುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎಣ್ಣಿ ಅಂದರೆ ಇಲ್ಲಿ ವಿಷ ಅಂತ ಕೇಂದ್ರಕ್ಕೆ ತಿಳಿಸಿಯೂ ಇದ್ದೆವು. ಅಲ್ಲಿ ಮಂದಿ ಬದಲಾಗುತ್ತಲೇ ಇದ್ದರು, ಹೊಸಬರಿಗೆ ಮತ್ತೆ ಹೇಳಬೇಕು.

ಆ ವರ್ಷ ಮಳೆ ಹಿಡಿದು ಬಂದಿತ್ತು. ತೊಗರಿ ಆಳೆತ್ತರ ಬೆಳೆದು, ಹೂವಿನ ಜೊತೆಗೆ ಹುಳವೂ ಬಿತ್ತು. ಎಲ್ಲರೂ ಒಮ್ಮೆಲೇ ಪಂಪು ಏರಿಸಿದರು. ಬೆಳೆ ಎದೆಮಟ್ಟ ದಾಟಿದರೆ ಹೊಡೆದದ್ದೆಲ್ಲ ಗಾಳಿಗೆ ಮುಖಕ್ಕೇ ಬರುತ್ತದೆ. ಬಾಯಿಗೆ ಒಂದು ಟವೆಲ್ ಕಟ್ಟಿಕೊಂಡರೆ ಅದೇ ದೊಡ್ಡ ಜಾಗ್ರತೆ. ನಮ್ಮ ಗಾಡಿಗೆ ಬಿಡುವೇ ಇರಲಿಲ್ಲ. ಕೆಲವರು ತಾಗಿಸಿಕೊಂಡವರು, ಕೆಲವರು ನಿಜವಾಗಿ ಕುಡಿದವರು. ಕುಡಿದವರ ಮನೆಯವರೂ ಬಡದೈತಿ ಅಂತಲೇ ಹೇಳುತ್ತಿದ್ದರು. ಪೊಲೀಸರ ಭಯ ಒಂದು ಕಡೆ, ಮಾನದ ಭಯ ಇನ್ನೊಂದು ಕಡೆ. ಆಮೇಲಾಮೇಲೆ ನಾನು ಅವರ ಮಾತು ಕೇಳುವುದನ್ನೇ ಬಿಟ್ಟು ಬಾಯಿಯ ವಾಸನೆ, ಬಟ್ಟೆಯ ವಾಸನೆ ನೋಡಿ ತಿಳಿದುಕೊಳ್ಳುತ್ತಿದ್ದೆ.

ಅವತ್ತು ಊಟದ ಹೊತ್ತು. ಡಬ್ಬಿ ಬಿಚ್ಚಿ ರೊಟ್ಟಿ ಮುರಿದಿದ್ದೆ, ಕರೆ ಬಂತು. ಪರದೆಯ ಮೇಲೆ ಮಹಿಳೆ, ಮದ್ಯ ಸೇವನೆ, ಎರಡನೇ ಸಲದ ಕರೆ ಅಂತ ಮೂಡಿತ್ತು. ಹುಸೇನಸಾಬ ಇಣುಕಿ ನೋಡಿ ಒಮ್ಮೆಲೇ ಎದ್ದ.

"ಯವ್ವಾ, ಎಣ್ಣಿ ಹೊಡಿಯೋ ದಿನದಾಗ ಹೆಣ್ಣಮಗಳು ನಡು ಮಧ್ಯಾಹ್ನ ಸೆರೆ ಕುಡದು ಗಾಡಿ ಕರಸ್ತಾಳೇನ? ಇದು ನಮ್ಮ ಎಣ್ಣಿ. ಗಾಡಿ ಹತ್ತು!"

ಊರಿನ ಹೆಸರು ಬೇಡ. ಸಿಂದಗಿಯಿಂದ ಇಂಡಿ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಬರುತ್ತದೆ, ಅಷ್ಟು ಸಾಕು. ದಾರಿಯಲ್ಲಿ ಕರೆ ಬಂದ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವನು ಆ ಹೆಂಗಸಿನ ಮೈದುನ ಮಿಲಿಂದ. ಮೊದಲ ಸಲ ಕರೆ ಮಾಡಿದಾಗ ಕೇಂದ್ರದವರು ಮಲಗಿಸಿ ನಿಂಬೆ ಶರಬತ್ತು ಕೊಡಿ, ಇಳಿಯುತ್ತೆ ಅಂದು ಇಟ್ಟುಬಿಟ್ಟಿದ್ದರಂತೆ. ಕಾದು ಕಾದು ಮತ್ತೆ ಮಾಡಿದ್ದ.

"ಏನಾಗೈತಿ?"

"ವೈನಿ ಎಣ್ಣಿ ಕುಡದಾಳ್ರೀ ಅಕ್ಕಾರ. ಬಾಯಾಗ ನೊರಿ ಬರಾಕತ್ತೈತಿ. ಉಪ್ಪಿನ ನೀರ ಹಾಕಾಕತ್ತೇವಿ, ವಾಂತಿ ಆಗ್ಲಿ ಅಂತ."

"ಏ, ಏನೂ ಹಾಕಬ್ಯಾಡ್ರಿ! ಉಪ್ಪು ಬ್ಯಾಡ, ಹುಣಸಿ ನೀರೂ ಬ್ಯಾಡ! ಮಗ್ಗಲಾಗಿ ಮಲಗಸ್ರಿ. ಮೈಮ್ಯಾಲಿನ ಸೀರಿ ಕುಪ್ಪಸ ತಗೀರಿ, ಸಬಕಾರ ಹಚ್ಚಿ ನೀರು ಸುರೀರಿ, ನಾ ಬರಾಕತ್ತೇನಿ."

ಅವನ ದನಿ ಬದಲಾಯಿತು. "ಸೀರಿ ತಗಿಯೋದ? ಏನ್ ಮಾತ್ರೀ ಇದು? ಇಲ್ಲಿ ಗಂಡಸರು ನಿಂತೇವಿ" ಅಂದವನೇ ಫೋನ್ ಇಟ್ಟ.

ಹಿಂದಿನ ದಿನದ ಮಳೆಗೆ ಎರೆ ಮಣ್ಣು ಕೆಸರಾಗಿಹೋಗಿತ್ತು. ಹೊಲದ ದಾರಿಗೆ ಗಾಡಿ ಇಳಿಸಿದರೆ ಸಂಜೆಯವರೆಗೂ ಮೇಲೆ ಬರುತ್ತಿರಲಿಲ್ಲ. ಗಾಡಿ ರಸ್ತೆಗೇ ನಿಲ್ಲಿಸಿ, ನಾನೊಂದು ಕಡೆ ಹುಸೇನಸಾಬ ಒಂದು ಕಡೆ ಸ್ಟ್ರೆಚರ್ ಹಿಡಿದು, ಹೆಗಲಿಗೆ ಪೆಟ್ಟಿಗೆ ಏರಿಸಿಕೊಂಡು ನಡೆದೆವು. ಬೂಟಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗುತ್ತಿರಲಿಲ್ಲ. ಬೇವಿನ ಗಿಡದ ಕೆಳಗೆ ಮಂದಿ ಗುಂಪು. ನಡುವೆ ಸುಜಾತಾ. ಮೂವತ್ತು ದಾಟಿರದ ಹೆಣ್ಣುಮಗಳು, ಗಂಡ ಪುಣೆಯಲ್ಲಿ ಕಟ್ಟಡದ ಗೌಂಡಿ ಕೆಲಸಕ್ಕೆ ಹೋದವನು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಚರಗಿ ಹಿಡಿದು ಉಪ್ಪು ನೀರು ಸುರಿಯುತ್ತಿದ್ದವಳು ಅತ್ತೆ ಶಾಂತಾಬಾಯಿ. ಅರ್ಧ ನೀರು ಹೊರಗೆ ಹೋಗುತ್ತಿತ್ತು, ಅರ್ಧ ಎಲ್ಲಿಗೆ ಹೋಗುತ್ತಿತ್ತು ಅಂತ ಆ ಉಸಿರಿನ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು. ನಾನು ಚರಗಿ ಕಿತ್ತು ಬೀಸಿ ಒಗೆದೆ.

ಕಣ್ಣು ಬಿಡಿಸಿ ನೋಡಿದೆ, ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮೈತುಂಬ ಬೆವರು, ಬಾಯಿತುಂಬ ನೊರೆ, ಎದೆಯಲ್ಲಿ ಗೊರಗೊರ. ಬಾಯಿಗೆ ಮೂಗು ಹಿಡಿದೆ. ಉಪ್ಪು, ಹುಣಸೆ, ವಾಂತಿ. ಎಣ್ಣಿಯ ವಾಸನೆ ಇಲ್ಲ. ಮಗ್ಗಲಿಗೆ ಹೊರಳಿಸಿದೆ. ಅಯ್ಯೋ ದೇವರೇ, ಬೆನ್ನು! ಕುಪ್ಪಸ ಬೆನ್ನಿಗೆ ಅಂಟಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಸೀರೆ ತೊಯ್ದು ತೊಪ್ಪೆಯಾಗಿತ್ತು, ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಅಲ್ಲಿತ್ತು. ಬದುವಿನ ಮೇಲೆ ಪಂಪು ಬಿದ್ದಿತ್ತು, ಮುಚ್ಚಳದ ಕೆಳಗಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ಯಾರ್ರೀ ಕುಡದಾಳ ಅಂದವರು? ಈಕಿ ಕುಡದಿಲ್ಲ. ಪಂಪ್ ಸೋರಿ ಬೆನ್ನಿಗಿ ಬಡದೈತಿ. ವಿಷ ಹೊಟ್ಟ್ಯಾಗಿಲ್ಲ, ಸೀರ್ಯಾಗ ಐತಿ!"

ಮುಂಜಾನೆ ಮನೆಯಲ್ಲಿ ಅತ್ತೆಗೂ ಸೊಸೆಗೂ ಜಗಳವಾಗಿತ್ತಂತೆ, ಓಣಿಯೆಲ್ಲ ಕೇಳಿತ್ತು. ಮಧ್ಯಾಹ್ನ ಸೊಸೆ ಹೊಲದಲ್ಲಿ ನೊರೆ ಕಾರುತ್ತ ಬಿದ್ದಳು. ನಮ್ಮ ಜನಕ್ಕೆ ಅಷ್ಟು ಸಾಕು, ಬಾಯಿಗೆ ಬಂದು ನಿಂತಿರುವ ಮಾತು ಒಂದೇ, ಎಣ್ಣಿ ಕುಡದಾಳ. ಆ ಮಾತು ಆಡಿದ್ದೇ ಎಲ್ಲರೂ ಹೊಟ್ಟೆಯ ಬೆನ್ನು ಹತ್ತಿದರು. ನಿಜವಾದ ಬೆನ್ನನ್ನು ಯಾರೂ ನೋಡಲಿಲ್ಲ. ನಾವು ಬರುವವರೆಗೂ ವಿಷ ಚರ್ಮದೊಳಗೆ ಇಳಿಯುತ್ತಲೇ ಇತ್ತು.

ಕತ್ತರಿ ತೆಗೆದೆ. ಹೆಂಗಸರಿಗೆ ಕೂಗಿ ಹೇಳಿದೆ, ಸೀರೆ ಮರೆ ಹಿಡಿಯಿರಿ ಅಂತ. ಇಬ್ಬರು ಬಂದರು, ಮೂರನೆಯವಳು ತಲೆಯ ಸೆರಗನ್ನೇ ಬಿಚ್ಚಿ ಹಿಡಿದಳು. ಹುಸೇನಸಾಬ ಬೋರಿನ ಪೈಪು ಎಳೆದು ತಂದು ಮರೆಯ ಆಚೆಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತು ಗಂಡಸರನ್ನೆಲ್ಲ ದೂರ ಅಟ್ಟಿದ. ಗ್ಲೌಸ್ ಹಾಕಿಕೊಂಡು ಕುಪ್ಪಸ ಕತ್ತರಿಸಿ, ಸೀರೆ ಕತ್ತರಿಸಿ ದೂರ ಒಗೆದು, ಗಾಡಿಯ ಸಬಕಾರ ಸುರಿದು ಬೆನ್ನು ತೊಳೆಯತೊಡಗಿದೆ. ಆಗ ಶಾಂತಾಬಾಯಿ ಕಿರಿಚಿದಳು ನೋಡಿ, ಆ ಕಿರುಚು ಇನ್ನೂ ಕಿವಿಯಲ್ಲಿದೆ.

"ಇನ್ನೂ ಜೀವ ಐತೆವಾ! ಮೈ ಯಾಕ ತೊಳಿತೀ? ಹೆಣದ ಮೈ ತೊಳದಂಗ ತೊಳಿತಾಳ, ಬಿಡಸ್ರೋ ಯಾರರೆ!"

ಮರೆ ಹಿಡಿದಿದ್ದ ಒಬ್ಬಳು ಸೀರೆಯ ಚುಂಗು ಬಿಟ್ಟಳು. ಜೀವ ಹೋದ ಮೇಲೆ ಮೈ ತೊಳೆಯುವುದು ನಮ್ಮಲ್ಲಿ ಎಲ್ಲರೂ ನೋಡಿದ್ದು. ಜೀವ ಉಳಿಸಲು ತೊಳೆಯುವುದನ್ನು ಯಾರು ನೋಡಿದ್ದಾರೆ? ನಾನು ಸಿಟ್ಟಿಗೆದ್ದು, "ಹಿಡೀ ಸೀರಿ! ಇಲ್ಲಾಂದ್ರ ನಾಳೆ ಖರೇನs ತೊಳಿಯೋದಾಗತೈತಿ" ಅಂದೆ. ಆಕೆ ಮತ್ತೆ ಹಿಡಿದಳು.

ಒಂದು ಚಾದರ ಸುತ್ತಿ, ಮಣ್ಣಿನಲ್ಲಿ ಜಾರುತ್ತ ಗಾಡಿಗೆ ತಂದೆವು. ಮಾಸ್ಕ್ ಹಚ್ಚಿದೆ, ಸಕ್ಷನ್ ಹಾಕಿ ನೊರೆ ಎಳೆದೆ. ಎಳೆದಷ್ಟೂ ಬರುತ್ತಿತ್ತು. ಫೋನಿನಲ್ಲಿ ಕೇಂದ್ರದ ಡಾಕ್ಟರು ಆಟ್ರೋಪಿನ್ ಕೊಡಲು ಹೇಳಿದರು. ಕೊಟ್ಟೆ, ಎದೆಗೆ ಕಿವಿಗೊಟ್ಟೆ, ಇನ್ನೂ ಗೊರಗೊರ. ಮತ್ತೆ ಕೇಳಿ ಮತ್ತೆ ಕೊಟ್ಟೆ. ಈ ವಿಷಕ್ಕೆ ಎದೆ ಒಣಗುವವರೆಗೆ ಕೊಡುತ್ತಲೇ ಇರಬೇಕು. ಸಿಂದಗಿಯ ಹೊರಗಿನ ಮನೆಗಳು ಕಾಣುವ ಹೊತ್ತಿಗೆ ನೊರೆ ಕಡಿಮೆಯಾಯಿತು, ಕಣ್ಣು ಬಿಟ್ಟಳು. ಮಾಸ್ಕಿನೊಳಗಿಂದ ಏನೋ ಅನ್ನುತ್ತಿದ್ದಳು. ಅದನ್ನು ಸರಿಸಿ ಬಾಯಿಯ ಹತ್ತಿರ ಕಿವಿ ಇಟ್ಟೆ.

"ನಾ ಕುಡದಿಲ್ರೀ."

"ಗೊತ್ತೈತಿ ನನಗ. ಮಾತಾಡಬ್ಯಾಡ."

"ಕುಡದಾಳ ಅನ್ನಾಕತ್ತಿದ್ರು... ಕೇಳಾಕತ್ತಿತ್ತು ನನಗ. ಬಾಯಿ ಏಳವಲ್ದು." ಉಸಿರಿಗೆ ತಡವರಿಸಿದಳು. "ಗೌತಮಿಗಿ ಹೇಳ್ರಿ. ನಿಮ್ಮವ್ವ ಕುಡದಿಲ್ಲ ಅಂತ ಹೇಳ್ರಿ."

ಗೌತಮಿ ಆಕೆಯ ಮಗಳು, ಅವತ್ತು ಶಾಲೆಗೆ ಹೋಗಿದ್ದಳು. ಕಾಲ ಬಳಿ ಶಾಂತಾಬಾಯಿ ಕುಳಿತಿದ್ದಳು. "ಕೇಳಿದ್ರಿಲ್ಲೋ ಅಮ್ಮಾ? ಮೊಮ್ಮಗಳಿಗೆ ಹೇಳಬೇಕು ನೀವು" ಅಂದೆ. "ಹೂಂ" ಅಂದಳು, ಸೊಸೆಯ ಪಾದ ಹಿಡಿದುಕೊಂಡಿದ್ದಳು, ಮುಖ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಇಳಿಸುತ್ತಿದ್ದಂತೆ ಡಾಕ್ಟರು ಓಡಿಬಂದರು. "ಕುಡದಾರೋ, ಬಡದೈತೋ?" ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಾಬಾಯಿ, "ಕುಡದಾಳ್ರೀ ಸಾಹೇಬ್ರ" ಅಂದಳು. ನನಗೆ ನೆತ್ತಿಗೆ ಏರಿತು. "ಏನ್ ಮುದುಕೀರಿ ನೀವು! ಈಗರೆ ಆಕಿ ಬಾಯಿಲೇ ಕೇಳೀರಿ. ಬೆನ್ನು ನಾ ತೊಳದೇನ್ರೀ ಸರ್, ಬಾಯಾಗ ವಾಸನಿ ಇಲ್ಲ, ಇದು ಮೈಗೆ ಬಡದದ್ದು" ಅಂದೆ. ಅಲ್ಲಿದ್ದ ಮಂದಿಯೆಲ್ಲ ನಮ್ಮಿಬ್ಬರನ್ನು ನೋಡತೊಡಗಿತು. ಡಾಕ್ಟರು ಒಳ್ಳೆಯವರು, ನನ್ನ ಮಾತು ಪೂರ್ತಿ ಕೇಳಿದರು, ತಲೆಗೂದಲು ತೊಳೆಯಲು ಹೇಳಿದರು, ಅದನ್ನು ನಾನು ಅವಸರದಲ್ಲಿ ಸರಿಯಾಗಿ ತೊಳೆದಿರಲಿಲ್ಲ. ಅವತ್ತೇ ವಿಜಯಪುರಕ್ಕೆ ಕಳಿಸಿದರು. ಮುದುಕಿ ಗೋಡೆಗೆ ಒರಗಿ ಕುಳಿತಿದ್ದಳು. ವಯಸ್ಸಾಗಿದೆ, ತಲೆ ಓಡುತ್ತಿಲ್ಲ ಅಂದುಕೊಂಡು ನಾನು ಗಾಡಿ ತೊಳೆಯಲು ಹೋದೆ.

ಸುಜಾತಾ ಕೆಲವು ದಿನ ಉಸಿರಿನ ಯಂತ್ರದ ಮೇಲಿದ್ದಳಂತೆ. ವಿಷ ಇಳಿಯುತ್ತ ಬಂದಿತ್ತು, ಆದರೆ ಉಪ್ಪು ನೀರು ಎದೆಗೆ ಹೋಗಿ ಪುಪ್ಪುಸ ಕೆಟ್ಟಿತ್ತು. ಹೋಗಿಬಿಟ್ಟಳು. ಸುದ್ದಿ ತಂದವನು ಹುಸೇನಸಾಬ. ಹೇಳಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಆ ದಿನದಿಂದ ಅವನು ಚಹಾದಂಗಡಿಯಲ್ಲಿ ಆ ಕರೆ ಕೇಂದ್ರದ ಹುಡುಗಿಯ ದನಿ ತೆಗೆಯುವುದನ್ನು ಬಿಟ್ಟ. ಯಾರಾದರೂ ಹೇಳು ಅಂದರೆ ಎದ್ದು ಹೋಗುತ್ತಿದ್ದ.

ಮಣ್ಣು ಮುಗಿಸಿ ಕೆಲವು ದಿನಕ್ಕೆ ಆಕೆಯ ಗಂಡ ನಾವು ಗಾಡಿ ನಿಲ್ಲಿಸುವ ಜಾಗಕ್ಕೆ ಬಂದ. ಕೈಬೆರಳುಗಳಲ್ಲಿ ಸಿಮೆಂಟು ತಿಂದ ಗಾಯ, ಮುಖದಲ್ಲಿ ಗಡ್ಡ. "ಕಡೀಕ ನೀವs ಇದ್ರಂತ. ಯಾಕ ಕುಡದಳ್ರೀ ಅಕ್ಕಾರ? ಏನರೆ ಹೇಳಿದಳೇನು?" ಅಂದ. ನಾನು ಎಲ್ಲ ಹೇಳಿದೆ. ಬೆನ್ನು, ಕುಪ್ಪಸ, ಸೋರುವ ಪಂಪು, ಆಕೆ ಆಡಿದ ಮಾತು, ಮಗಳಿಗೆ ಹೇಳೆಂದದ್ದು. ನಿಂತು ಕೇಳಿದ. ಕೇಳಿ, "ಮುಂಜಾನಿ ಜಗಳಾ ಮಾಡಿ ಹೊಲಕ್ಕ ಹೋಗ್ಯಾಳ. ಓಣಿ ಮಂದಿ ಕೇಳ್ಯಾರ. ನಮ್ಮವ್ವ ಕುಡದಾಳಂತ ಹೇಳಾಕತ್ತಾಳ. ಹಡದವ್ವ ಯಾಕ ಸುಳ್ಳ ಹೇಳತಾಳ್ರೀ? ನೀವು ನನ್ನ ಸಮಾಧಾನಕ್ಕ ಅನ್ನಾಕತ್ತೀರಿ" ಅಂದ. ನಾನು ಆಣೆ ಮಾಡಿ ಹೇಳಿದೆ. ಕೈ ಮುಗಿದು ಹೋದ. ಗಂಡ ಪುಣೆಯಲ್ಲಿದ್ದಾಗ ಹೆಂಡತಿ ಎಣ್ಣಿ ಕುಡಿದಳು ಅಂದರೆ ಊರು ಏನೇನು ಕತೆ ಕಟ್ಟುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬೆನ್ನ ಹಿಂದೆಯೇ ಇಬ್ಬರು ಆ ಕತೆ ಆಡಿಕೊಂಡದ್ದನ್ನು ಕೇಳಿ ತಿರುಗಿ ಜಗಳಕ್ಕೆ ನಿಂತಿದ್ದೆ. ನನ್ನ ಬಾಯಿಗೆ ಅವರು ಸುಮ್ಮನಾದರು. ಊರು ಸುಮ್ಮನಾಗಲಿಲ್ಲ.

ತೊಗರಿ ರಾಶಿಯಾಯಿತು, ಎಣ್ಣಿಯ ಕರೆಗಳು ನಿಂತವು, ಹಂಗಾಮು ಮುಗಿಯಿತು. ನನ್ನನ್ನು ಇಂಡಿಯ ಗಾಡಿಗೆ ಹಾಕಿದರು. ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದೆ, ಈಗ ಅಲ್ಲೇ ಒಂದು ಸಣ್ಣ ದವಾಖಾನೆಯಲ್ಲಿ ನರ್ಸು. ಸೈರನ್ ಕೇಳಿದರೆ ಈಗಲೂ ಕೈ ತಾನಾಗಿ ಕತ್ತರಿ ಹುಡುಕುತ್ತದೆ. ಸುಜಾತಾಳ ಮಾತನ್ನು ಅತ್ತೆಗೂ ಗಂಡನಿಗೂ ಮುಟ್ಟಿಸಿದ್ದೆ, ಮಗಳಿಗೆ ಯಾರಾದರೊಬ್ಬರು ಹೇಳಿಯೇ ಇರುತ್ತಾರೆ ಅಂತ ನಂಬಿದ್ದೆ. ಅವತ್ತು ಬಸ್ಸಿನಲ್ಲಿ ಆ ವಾಸನೆ ಬಂದಾಗ ಮಾತ್ರ ಆ ನಂಬಿಕೆ ಅಲುಗಾಡಿತು. ಕುಬಸದ ಮನೆಯಲ್ಲಿ ಎಲ್ಲರೂ ಹಾಡುತ್ತಿದ್ದಾಗ ನಾನು ಬಸುರಿ ಹುಡುಗಿಯ ಹಸಿರು ಕುಪ್ಪಸವನ್ನೇ ನೋಡುತ್ತ ಕುಳಿತಿದ್ದೆ. ಮರುದಿನ ತಿರುಗಿ ಬರುವಾಗ ಆ ಊರಿನ ಕ್ರಾಸಿನಲ್ಲಿ ಬಸ್ಸಿಳಿದೆ.

ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಕೇಳಿದ ಹೆಂಗಸು ಕೈ ಮಾಡಿ ತೋರಿಸುತ್ತ, "ಎಣ್ಣಿ ಕುಡದಾಕಿ ಮನಿ ಏನ್ರಿ? ಅದs ನೋಡ್ರಿ, ನೀಲಿ ಬಾಗಲದ್ದು" ಅಂದಳು. ಇಷ್ಟು ವರ್ಷದ ಮೇಲೂ ಆ ಮನೆಗೆ ಅದೇ ಗುರುತು.

ಶಾಂತಾಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ನಿಂತವಳು ಗೌತಮಿ, ಕಾಲೇಜಿನ ಚೀಲ ಇನ್ನೂ ಹೆಗಲಿನಲ್ಲಿತ್ತು. ಅವ್ವನ ಹಣೆ, ಅವ್ವನ ಗದ್ದ. ಒಳಗೆ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ, ಅವರ ಪಕ್ಕದಲ್ಲಿ ಒಂದು ಮೊಳೆ. ಮೊಳೆಗೆ ಏನೂ ತೂಗುಹಾಕಿರಲಿಲ್ಲ.

ನಾನು ಯಾರು ಅಂತ ಹೇಳಿದೆ. ಹುಡುಗಿಯ ಮುಖ ಬಿಗಿಯಿತು. "ಆಂಬುಲೆನ್ಸ್ ಅಕ್ಕಾರೇನ್ರಿ? ಈಗ್ಯಾಕ ಬಂದ್ರಿ?" ಅಂದಳು. ಸರಿಯಾದ ಪ್ರಶ್ನೆ. ನಾನು ಸುತ್ತಿ ಬಳಸಿ ಆಡುವವಳಲ್ಲ.

"ನಿಮ್ಮವ್ವ ಕುಡದಿರಲಿಲ್ಲ. ಪಂಪ್ ಸೋರಿ ಬೆನ್ನಿಗಿ ಬಡದಿತ್ತು. ಗೌತಮಿಗಿ ಹೇಳ್ರಿ ಅಂತ ಗಾಡ್ಯಾಗ ಹೇಳಿದಳು. ಇವರೆಲ್ಲ ನಿನಗ ಹೇಳ್ಯಾರೋ ಇಲ್ಲೋ ಅಂತ ಕೇಳಾಕ ಬಂದೇನಿ."

ಹುಡುಗಿ ಅಜ್ಜಿಯ ಕಡೆ ತಿರುಗಿದಳು. "ಆಯಿ, ಇವರೇನ್ ಹೇಳಾಕತ್ತಾರ?"

ಶಾಂತಾಬಾಯಿ ನನ್ನ ದನಿ ಬಂದ ಕಡೆಗೆ ಮುಖ ಮಾಡಿದಳು.

"ಖರೇ ಐತೆವಾ. ಜಗಳ ಪಂಪಿನ ಸಲುವಾಗೇ ಆಗಿದ್ದು. ಸೋರತೈತಿ ಅತ್ತಿ, ರಿಪೇರಿ ಮಾಡಿಸಿ ನಾಳೆ ಹೊಡಿತೀನಿ ಅಂದ್ಲು ಆಕಿ. ನಾಳೆ ಅಂದ್ರ ಹುಳ ತಿಂದು ಕೂಡತಾವ, ಮೈಗಳ್ಳಿ, ಇವತ್ತs ಹೊಡಿ ಅಂತ ಪಂಪ್ ನಾನs ಏರಿಸಿ ಕಳಿಸೇನಿ. ಬಡದೈತಿ ಅಂದ್ರ ನಾ ಕೊಂದಂಗ. ಕುಡದಾಳ ಅಂದ್ರ ಆಕೀನs ಸತ್ತಂಗ. ಮಗ ನನ್ನ ಮನಿ ಬಿಟ್ಟು ಹೊಂಟುಹೋಗ್ತಾನ ಅಂತ ಅಂಜಿದೆ" ಅಂದಳು.

ನಾನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟು ವರ್ಷದಿಂದ ಕೂಡಿಟ್ಟ ಸಿಟ್ಟಿತ್ತು. ಆದರೆ ಹುಡುಗಿಯ ಮುಖ ನೋಡಿ ನನ್ನ ನಾಲಿಗೆ ಏಳಲಿಲ್ಲ. ಆಕೆ ಹೆಗಲ ಚೀಲವನ್ನು ಮೆಲ್ಲಗೆ ಇಳಿಸಿ ನೆಲಕ್ಕಿಟ್ಟಳು.

"ದಿನಾ ಬೈದೇನ್ರೀ ಅಕ್ಕಾರ" ಅಂದಳು. "ಸಾಲ್ಯಾಗ ಎಣ್ಣಿ ಕುಡದಾಕಿ ಮಗಳು ಅಂತಿದ್ರು. ಮನೀಗಿ ಬಂದು ಅವ್ವಗ ಬೈತಿದ್ದೆ. ನನ್ನ ಮಾರಿ ಸುದ್ದಾ ನೆನಪಾಗಲಿಲ್ಲೇನು ನಿನಗ, ಬಾಟ್ಲಿ ಎತ್ತೋವಾಗ, ಅಂತ ಬೈತಿದ್ದೆ. ಫೋಟೋ ನಾನs ತಗದು ಟ್ರಂಕಿನಾಗ ಒಗದೇನ್ರಿ. ಇವತ್ತು ಮುಂಜಾನಿ ಸುದ್ದಾ ಬೈದೇನಿ."

ಶಾಂತಾಬಾಯಿ ಗಾಳಿಯಲ್ಲಿ ಕೈ ಚಾಚಿ ಮೊಮ್ಮಗಳನ್ನು ತಡಕಾಡಿದಳು. "ಇನ್ ಮ್ಯಾಲೆ ನನಗ ಬೈಯವ್ವಾ. ಎಷ್ಟು ಬೈತೀ ಬೈ. ನನಗ ಬೈ."

ಹುಡುಗಿ ಬೈಯಲಿಲ್ಲ. ಚಾಚಿದ ಆ ಕೈ ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ. ನಿಂತಲ್ಲೇ ಕುಸಿದು ಕುಳಿತು "ಅವ್ವಾ" ಅಂದಳು. ಮತ್ತೊಮ್ಮೆ "ಅವ್ವಾ" ಅಂದಳು. ಮುದುಕಿ "ಏನs ಯವ್ವಾ" ಅಂತ ಓಗೊಟ್ಟಳು. ಹುಡುಗಿ ಕರೆದದ್ದು ಆಕೆಯನ್ನಲ್ಲ.